ಹೇಳಿದ ದಿನಕ್ಕೆ: ಆಡಳಿತ ಸುಧಾರಣೆಗಳು ಮತ್ತು ಜನರ ನಂಬಿಕೆ



ಪ್ರಜಾಪ್ರಭುತ್ವದ ಸುಧಾರಣೆಗಳಿಂದ ರಾಜಕೀಯ ಸಂಸ್ಥೆಗಳ ಮೇಲೆ ಜನರ ನಂಬಿಕೆ ಹೆಚ್ಚುತ್ತದೆಯೆ? ಇದು ನನಗೆ ಒಪ್ಪಿಸಿದ ವಿಷಯ. ಇದರ ಮೇಲೆ ದೊಡ್ಡ ಗ್ರಂಥಗಳಿವೆ, ದೇಶದೇಶಗಳನ್ನು ಹೋಲಿಸಿ ನೋಡಿದವರಿದ್ದಾರೆ. ನಾನು ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಈ ನಾಲ್ಕು ತಾಲ್ಲೂಕುಗಳ ನೆಲದ ಮೇಲೇ ನಿಂತು ಮಾತಾಡುತ್ತೇನೆ. ಕಳೆದ ನಲವತ್ತು ವರ್ಷಗಳಲ್ಲಿ ಕರ್ನಾಟಕದಲ್ಲಿ ಆದ ಹೆಚ್ಚುಕಡಿಮೆ ಎಲ್ಲ ಆಡಳಿತ ಸುಧಾರಣೆಗಳೂ ಇಲ್ಲಿಗೆ ಬಂದಿವೆ. ಕೆಲವು ಊರೊಳಗೆ ಬಂದು ನೆಲೆಸಿವೆ, ಕೆಲವು ಅಗಸಿಯವರೆಗೆ ಬಂದು ತಿರುಗಿ ಹೋಗಿವೆ. ಆ ವ್ಯತ್ಯಾಸ ಏನು ಮಾಡಿತು ಎಂಬುದನ್ನು ಇಲ್ಲಿಯಷ್ಟು ಚೆನ್ನಾಗಿ ಬೇರೆಲ್ಲಿ ನೋಡಲು ಸಿಕ್ಕೀತೋ ನಾನರಿಯೆ.

ನಾನು ಹೇಳಬೇಕಾದದ್ದನ್ನು ಮೊದಲೇ ಹೇಳಿಬಿಡುತ್ತೇನೆ. ಸುಧಾರಣೆ ಎಷ್ಟು ದೊಡ್ಡದು, ಅದರ ಉದ್ದೇಶ ಎಷ್ಟು ಒಳ್ಳೆಯದು ಎಂದು ನೋಡಿ ಜನ ನಂಬುವುದಿಲ್ಲ. ಹೇಳಿದ ದಿನಕ್ಕೆ ಹೇಳಿದ ಕೆಲಸ ಆಯಿತೆ ಎಂದು ನೋಡುತ್ತಾರೆ. ಕೊಟ್ಟು ಕಸಿದುಕೊಂಡ ಸುಧಾರಣೆಯಂತೂ, ಮೊದಲೇ ಕೊಡದೆ ಇದ್ದದ್ದಕ್ಕಿಂತ ಹೆಚ್ಚು ಹಾನಿ ಮಾಡುತ್ತದೆ.

ಈ ನಾಲ್ಕು ತಾಲ್ಲೂಕುಗಳ ಹೆಸರು ಒಂದೇ ಸಾಲಿನಲ್ಲಿ ಸೇರಿದ್ದು ಡಾ. ಡಿ.ಎಂ. ನಂಜುಂಡಪ್ಪ ಸಮಿತಿಯ ವರದಿಯಲ್ಲಿ. ಎಸ್.ಎಂ. ಕೃಷ್ಣ ಅವರ ಸರ್ಕಾರ 2000ದಲ್ಲಿ ಆ ಸಮಿತಿಯನ್ನು ನೇಮಿಸಿತು. 2002ರ ಜೂನ್‌ನಲ್ಲಿ ವರದಿ ಬಂತು. ಶಾಲೆ, ಆಸ್ಪತ್ರೆ, ನೀರಾವರಿ, ರಸ್ತೆ, ಬ್ಯಾಂಕು ಹೀಗೆ 35 ಮಾನದಂಡಗಳನ್ನು ಇಟ್ಟುಕೊಂಡು ರಾಜ್ಯದ ತಾಲ್ಲೂಕುಗಳನ್ನೆಲ್ಲ ತೂಗಿ ನೋಡಿ, 114 ತಾಲ್ಲೂಕುಗಳು ಹಿಂದುಳಿದಿವೆ ಎಂದರು. ಅವುಗಳಲ್ಲಿ 39 ಅತ್ಯಂತ ಹಿಂದುಳಿದವು. ಆಗ ವಿಜಾಪುರ, ಅಂದರೆ ಈಗಿನ ವಿಜಯಪುರ, ಜಿಲ್ಲೆಯಲ್ಲಿ ಇದ್ದದ್ದು ಐದು ತಾಲ್ಲೂಕು. ವಿಜಾಪುರ ಒಂದನ್ನು ಬಿಟ್ಟರೆ ಉಳಿದ ನಾಲ್ಕೂ, ಅಂದರೆ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ, ಆ 39ರ ಪಟ್ಟಿಯಲ್ಲಿದ್ದವು. ಎಂಟು ವರ್ಷಗಳಲ್ಲಿ 31,000 ಕೋಟಿ ರೂಪಾಯಿಯ ವಿಶೇಷ ಅಭಿವೃದ್ಧಿ ಯೋಜನೆ ಆಗಬೇಕೆಂದು ಸಮಿತಿ ಹೇಳಿತು.

ಆ ವರದಿಯನ್ನು ಓದಿದವರಿಗೆ ಅದರ ಪ್ರಾಮಾಣಿಕತೆ ಎದ್ದು ಕಾಣುತ್ತದೆ. ಸರ್ಕಾರವೊಂದು ತನ್ನ ಲೋಪವನ್ನು ತಾಲ್ಲೂಕು ತಾಲ್ಲೂಕಾಗಿ ಎಣಿಸಿ ಮುದ್ರಿಸಿತು. ಅದು ಸಣ್ಣ ಸಂಗತಿಯಲ್ಲ. ಆದರೆ ವಿಶೇಷ ಯೋಜನೆ ಶುರುವಾದದ್ದು 2007-08ರಲ್ಲಿ. ವರದಿಗೂ ಮೊದಲ ಕಂತಿಗೂ ನಡುವೆ ಐದು ವರ್ಷ. ಆ ಹೊತ್ತಿಗೆ 'ನಂಜುಂಡಪ್ಪ ವರದಿ' ಎಂಬುದು ಭಾಷಣದ ಮಾತಾಗಿ ಹೋಗಿತ್ತು. ಎಲ್ಲ ಪಕ್ಷಗಳವರೂ ಅದನ್ನು ಜಾರಿ ಮಾಡುತ್ತೇವೆ ಎನ್ನುತ್ತಿದ್ದರು. ವರದಿಯಲ್ಲಿ ತಮ್ಮೂರಿಗೆ ಏನಿದೆ ಎಂದು ಕೇಳಿದ ರೈತನಿಗೆ ಉತ್ತರ ಕೊಡುವ ಕಚೇರಿ ಮಾತ್ರ ಯಾವುದೂ ಇರಲಿಲ್ಲ.

ಇದರ ಮೇಲೆ ಇನ್ನೊಂದು ಆಯಿತು. ಸಂವಿಧಾನದ 98ನೇ ತಿದ್ದುಪಡಿಯಿಂದ 371ಜೆ ವಿಧಿ ಬಂದು ಹೈದರಾಬಾದ್ ಕರ್ನಾಟಕದ ಆರು ಜಿಲ್ಲೆಗಳಿಗೆ 2013ರಿಂದ ಶಿಕ್ಷಣ ಮತ್ತು ಉದ್ಯೋಗದಲ್ಲಿ ಮೀಸಲು ಸಿಕ್ಕಿತು, ಪ್ರತ್ಯೇಕ ಅಭಿವೃದ್ಧಿ ಮಂಡಳಿಯೂ ಬಂತು. ನ್ಯಾಯವಾದ ಕ್ರಮವದು, ಅದರ ಬಗ್ಗೆ ನನಗೆ ಎಳ್ಳಷ್ಟೂ ತಕರಾರಿಲ್ಲ. ಆದರೆ ಸಿಂದಗಿಯಿಂದ ಜೇವರ್ಗಿಯ ದಾರಿ ಹಿಡಿದು ನೋಡಿ. ಅದೇ ಎರೆ ಭೂಮಿ, ಅದೇ ತೊಗರಿ, ಅದೇ ಬರ, ಅದೇ ಗುಳೆ. ಗಡಿಯ ಆಚೆಯ ಹುಡುಗನಿಗೆ ಒಂದು ದಾರಿ ತೆರೆದಿದೆ, ಈಚೆಯ ಹುಡುಗನಿಗೆ ಇಲ್ಲ. ಕಾರಣ ಕೇಳಿದರೆ, ಆಚೆಯ ಊರು ನಿಜಾಮನ ಸೀಮೆಯಲ್ಲಿತ್ತು, ಈಚೆಯದು ಮುಂಬಯಿ ಪ್ರಾಂತದಲ್ಲಿತ್ತು ಎಂಬ ಉತ್ತರ ಬರುತ್ತದೆ. ಚರಿತ್ರೆಯಾಗಿ ಅದು ಸರಿ. 1956ರಲ್ಲೇ ಒಂದಾದ ರಾಜ್ಯದಲ್ಲಿ ಹುಟ್ಟಿದ ಮಕ್ಕಳಿಗೆ ಅದನ್ನು ಹೇಳಿ ಒಪ್ಪಿಸುವುದು ಕಷ್ಟ. ಸರ್ಕಾರವೇ ತನ್ನ ತಕ್ಕಡಿಯಲ್ಲಿ ತೂಗಿ 'ಅತ್ಯಂತ ಹಿಂದುಳಿದದ್ದು' ಎಂದು ಮುದ್ರೆ ಒತ್ತಿದ ಮೇಲೆ, ಆ ಮುದ್ರೆಗೆ ತಕ್ಕ ಪರಿಹಾರ ಕೊಡುವುದು ಅದರ ಹೊಣೆ. 2024ರಲ್ಲಿ ಪ್ರೊ. ಎಂ. ಗೋವಿಂದ ರಾವ್ ಅವರ ಅಧ್ಯಕ್ಷತೆಯಲ್ಲಿ ಪ್ರಾದೇಶಿಕ ಅಸಮತೋಲನದ ಮೇಲೆ ಮತ್ತೊಂದು ಸಮಿತಿ ನೇಮಕವಾಯಿತು. ಆ ಸುದ್ದಿ ಬಂದಾಗ ನಮ್ಮ ಕಡೆ ಯಾರೂ ಪಟಾಕಿ ಹಚ್ಚಲಿಲ್ಲ. ಅದನ್ನು ಜನರ ಉದಾಸೀನ ಎಂದು ಕರೆಯಬೇಡಿ. ಅದು ಅನುಭವ.

ಈಗ ಪಂಚಾಯತಿಯ ಕಥೆಗೆ ಬರುತ್ತೇನೆ. ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ನಂಬಿಕೆ ಹೇಗೆ ಹುಟ್ಟುತ್ತದೆ, ಹೇಗೆ ಸಾಯುತ್ತದೆ ಎಂಬುದು ಇದರಲ್ಲಿ ಸ್ಪಷ್ಟವಾಗಿ ಕಾಣುತ್ತದೆ.

ಇಂಡಿ ತಾಲ್ಲೂಕಿನ ಉತ್ತರಕ್ಕೆ ಭೀಮಾ ನದಿ. ಆಚೆ ದಂಡೆ ಸೊಲ್ಲಾಪುರ ಜಿಲ್ಲೆ. 1956ರವರೆಗೆ ಎರಡೂ ದಂಡೆ ಮುಂಬಯಿ ರಾಜ್ಯದಲ್ಲಿದ್ದವು. ಆಮೇಲೆ ಆಚೆ ದಂಡೆಯವರಿಗೆ 1962ರಲ್ಲೇ ಜನರು ಆರಿಸಿದ ಜಿಲ್ಲಾ ಪರಿಷತ್ತು ಬಂತು. ಶಾಲೆ, ದವಾಖಾನೆ, ರಸ್ತೆ ಅದರ ಕೈಯಲ್ಲಿದ್ದವು. ನಮ್ಮ ದಂಡೆಯಲ್ಲಿ 1959ರ ಮೈಸೂರು ಕಾಯ್ದೆ. ಹಳ್ಳಿಗೆ ಪಂಚಾಯತಿ, ತಾಲ್ಲೂಕಿಗೆ ಬೋರ್ಡು ಕೊಟ್ಟ ಆ ಕಾಯ್ದೆ ಜಿಲ್ಲೆಗೆ ಬಂದಾಗ ನಿಂತುಬಿಟ್ಟಿತು. ಜಿಲ್ಲಾ ಅಭಿವೃದ್ಧಿ ಪರಿಷತ್ತಿನ ಅಧ್ಯಕ್ಷರು ಡೆಪ್ಯುಟಿ ಕಮಿಷನರರೇ. ನದಿಯ ಈ ಕಡೆಯವರು ಇಪ್ಪತ್ತೈದು ವರ್ಷ ತಡವಾಗಿ ಜಿಲ್ಲಾಡಳಿತದ ಬಾಗಿಲು ತಟ್ಟಿದರು.

ಆ ಬಾಗಿಲು ತೆರೆದದ್ದು ರಾಮಕೃಷ್ಣ ಹೆಗಡೆ ಅವರ ಸರ್ಕಾರ. ತೆರೆಸಿದವರು ಆ ಸರ್ಕಾರದ ಪಂಚಾಯತ್ ರಾಜ್ ಸಚಿವ ಅಬ್ದುಲ್ ನಜೀರ್ ಸಾಬ್. ಹಳ್ಳಿಹಳ್ಳಿಗೆ ಕೊಳವೆಬಾವಿ ಕೊರೆಸಿ 'ನೀರ್ ಸಾಬ್' ಎಂದೇ ಹೆಸರಾದವರು. 1983ರ ಕಾಯ್ದೆಗೆ ರಾಷ್ಟ್ರಪತಿಗಳ ಒಪ್ಪಿಗೆ ಬರಲು 1985ರವರೆಗೆ ಕಾಯಬೇಕಾಯಿತು. 1987ರ ಜನವರಿಯಲ್ಲಿ ಜಿಲ್ಲಾ ಪರಿಷತ್ತು ಮತ್ತು ಮಂಡಲ ಪಂಚಾಯತಿಗಳಿಗೆ ಚುನಾವಣೆ ನಡೆಯಿತು. ಮಹಿಳೆಯರಿಗೆ ಶೇ 25ರಷ್ಟು ಸ್ಥಾನ ಮೀಸಲು. ಇಡೀ ದೇಶದ ಸಂವಿಧಾನ ಮಹಿಳಾ ಮೀಸಲಿನ ಮಾತಾಡುವುದಕ್ಕೆ ಇನ್ನೂ ಐದಾರು ವರ್ಷವಿತ್ತು. ಜಿಲ್ಲಾ ಪರಿಷತ್ತಿನ ಅಧ್ಯಕ್ಷರಿಗೆ ರಾಜ್ಯ ಸಚಿವರ ದರ್ಜೆ ಕೊಟ್ಟರು. ಅವರ ಕೈಕೆಳಗಿನ ಮುಖ್ಯ ಕಾರ್ಯದರ್ಶಿಯನ್ನು ಡಿ.ಸಿ.ಗಿಂತ ಹಿರಿಯ ಅಧಿಕಾರಿಯಾಗಿ ನೇಮಿಸಿದರು. ಡಿ.ಸಿ. ಸಾಹೇಬರೇ ಜಿಲ್ಲೆಯ ದೊರೆ ಎಂದು ಬ್ರಿಟಿಷರ ಕಾಲದಿಂದ ನೋಡುತ್ತ ಬಂದ ವಿಜಾಪುರದ ರೈತನಿಗೆ, ತಾನು ಓಟು ಹಾಕಿ ಆರಿಸಿದ ಮನುಷ್ಯನ ಮುಂದೆ ಹಿರಿಯ ಅಧಿಕಾರಿ ಕಡತ ಹಿಡಿದು ನಿಲ್ಲುವುದು ಕಂಡಿತು.

1987ರಿಂದ 1992ರವರೆಗಿನ ಐದು ವರ್ಷಗಳಲ್ಲಿ ಏನಾಯಿತು? 1989ರಲ್ಲಿ ಕೆ.ಎಸ್. ಕೃಷ್ಣಸ್ವಾಮಿ ಸಮಿತಿ ಇದರ ಮೌಲ್ಯಮಾಪನ ಮಾಡಿತು. ಆಗ ಎಲ್ಲರ ಗಮನಕ್ಕೆ ಬಂದ ಒಂದು ಬದಲಾವಣೆಯೆಂದರೆ ಮಾಸ್ತರರೂ ಡಾಕ್ಟರರೂ ಹಳ್ಳಿಯಲ್ಲಿ ಸಿಗತೊಡಗಿದ್ದು. ಯಾವ ಆದೇಶದಿಂದಲೂ ಆಗದೆ ಇದ್ದದ್ದು, ಮಂಡಲ ಪ್ರಧಾನ ಅದೇ ಊರಿನವನಾಗಿದ್ದರಿಂದ ಆಯಿತು. ಮಾಸ್ತರರು ಶಾಲೆಗೆ ಬಂದಿಲ್ಲ ಎಂದು ಹೇಳಲು ವಿಜಾಪುರಕ್ಕೆ ಹೋಗಬೇಕಿರಲಿಲ್ಲ. ಪ್ರಧಾನನ ಮನೆಯ ಕಟ್ಟೆಗೆ ಹೋದರೆ ಸಾಕಿತ್ತು. ಸಂಸ್ಥೆ ಕೈಗೆಟಕುವಷ್ಟು ಹತ್ತಿರವಿದ್ದರೆ, ಕೇಳಿದವನಿಗೆ ಉತ್ತರ ಸಿಕ್ಕರೆ, ಜನ ನಂಬುತ್ತಾರೆ. ಈ ಸೀಮೆಯಲ್ಲಿ ಅದು ಒಮ್ಮೆ ನಿಜವಾಗಿ ನಡೆದಿದೆ.

ಆಮೇಲೆ ನಿಂತಿತು. ನಜೀರ್ ಸಾಬರು 1988ರಲ್ಲಿ ತೀರಿಕೊಂಡರು. 1992ರಲ್ಲಿ ಸಂಸ್ಥೆಗಳ ಅವಧಿ ಮುಗಿದಾಗ ಹೊಸ ಚುನಾವಣೆ ನಡೆಸದೆ ಆಡಳಿತಾಧಿಕಾರಿಗಳನ್ನು ಕೂರಿಸಿದರು. 73ನೇ ತಿದ್ದುಪಡಿಯ ಪ್ರಕಾರ 1993ರಲ್ಲಿ ಹೊಸ ಪಂಚಾಯತ್ ರಾಜ್ ಕಾಯ್ದೆ ಬಂತು. ಅದೇ ವರ್ಷದ ಡಿಸೆಂಬರ್‌ನಲ್ಲಿ ಗ್ರಾಮ ಪಂಚಾಯತಿ ಚುನಾವಣೆ, 1995ರಲ್ಲಿ ತಾಲ್ಲೂಕು, ಜಿಲ್ಲಾ ಪಂಚಾಯತಿ ಚುನಾವಣೆ ಆದವು. ಹೊಸ ಕಾಯ್ದೆಗೆ ಸಂವಿಧಾನದ ಬಲವಿತ್ತು, ಮಹಿಳೆಯರ ಪಾಲೂ ಮುಂದೆ ಅರ್ಧಕ್ಕೇರಿತು. ಆದರೆ ಅಧಿಕಾರ ಮತ್ತೆ ಬೆಂಗಳೂರಿನ ಕಡೆ ಸರಿದಿತ್ತು. ಜಿಲ್ಲಾ ಪಂಚಾಯತಿಯ ಸಭೆಯಲ್ಲಿ ಶಾಸಕರ ಮಾತು ಸದಸ್ಯರ ಮಾತಿಗಿಂತ ಗಟ್ಟಿಯಾಯಿತು.

ಈಗಿನ ಸ್ಥಿತಿ ಇನ್ನೂ ಕೆಟ್ಟದ್ದು. ಜಿಲ್ಲಾ ಮತ್ತು ತಾಲ್ಲೂಕು ಪಂಚಾಯತಿಗಳಿಗೆ 2016ರ ಫೆಬ್ರವರಿಯಲ್ಲಿ ಚುನಾವಣೆ ನಡೆಯಿತು. 2021ರಲ್ಲಿ ಅವಧಿ ಮುಗಿಯಿತು. ಸಂವಿಧಾನದ 243ಇ ವಿಧಿ ಸ್ಪಷ್ಟವಾಗಿದೆ: ಪಂಚಾಯತಿಯ ಆಯುಷ್ಯ ಐದು ವರ್ಷ, ಅದು ಮುಗಿಯುವುದರೊಳಗೆ ಮುಂದಿನ ಚುನಾವಣೆ ಮುಗಿದಿರಬೇಕು. ಆದರೆ ಕ್ಷೇತ್ರಗಳ ಗಡಿ ಗುರುತಿಸುವ ಅಧಿಕಾರವನ್ನು ಚುನಾವಣಾ ಆಯೋಗದ ಕೈಯಿಂದ ತೆಗೆದು ಸರ್ಕಾರವೇ ಒಂದು ಸೀಮಾ ನಿರ್ಣಯ ಆಯೋಗ ನೇಮಿಸಿತು. ಆಮೇಲೆ ಮೀಸಲಾತಿ, ಆಮೇಲೆ ಕೋರ್ಟು, ಆಮೇಲೆ ಮತ್ತೆ ಕಾಲಾವಕಾಶ. ವರ್ಷದ ಮೇಲೆ ವರ್ಷ ಉರುಳಿತು. ಒಂದು ಪಕ್ಷದ ಸರ್ಕಾರ ಹೋಗಿ ಇನ್ನೊಂದು ಪಕ್ಷದ ಸರ್ಕಾರ ಬಂತು. ಈ ಒಂದು ವಿಷಯದಲ್ಲಿ ಎರಡರ ನಡೆಯೂ ಒಂದೇ. ಭೀಮೆಯ ಆಚೆ ದಂಡೆಯಲ್ಲಿಯೂ 2022ರಿಂದ ಇಂಥದೇ ಮೀಸಲಾತಿ ವ್ಯಾಜ್ಯದಲ್ಲಿ ಜಿಲ್ಲಾ ಪರಿಷತ್ ಚುನಾವಣೆಗಳು ವರ್ಷಗಟ್ಟಲೆ ಸಿಕ್ಕಿಬಿದ್ದವು.

ವಿಧಾನಸಭೆಯ ಚುನಾವಣೆ ಹೀಗೆ ಮುಂದೆ ಹೋಗಲು ಬಿಡುತ್ತಿದ್ದೆವೆ? ಯಾರೂ ಬಿಡುತ್ತಿರಲಿಲ್ಲ. ಜಿಲ್ಲಾ ಪಂಚಾಯತಿ ಇಲ್ಲದೆ ವರ್ಷಗಳು ಕಳೆದರೂ ಯಾವ ಊರಲ್ಲೂ ದೊಡ್ಡ ಧರಣಿ ಆಗಲಿಲ್ಲ. ಆ ಮೌನ ನನ್ನನ್ನು ಎಲ್ಲಕ್ಕಿಂತ ಹೆಚ್ಚು ಕಾಡುತ್ತದೆ. ಇದ್ದರೂ ಅಷ್ಟೇ, ಇಲ್ಲದಿದ್ದರೂ ಅಷ್ಟೇ ಎಂದು ಜನಕ್ಕೆ ಅನ್ನಿಸಿದರೆ ಆ ಸಂಸ್ಥೆ ಕಾಗದದಲ್ಲಿ ಬದುಕಿದ್ದೂ ಸತ್ತಂತೆ.

ಓಟಿನ ಪ್ರಮಾಣ ಹೆಚ್ಚಿದೆಯಲ್ಲ, ಅದು ನಂಬಿಕೆಯಲ್ಲವೆ ಎಂದು ಯಾರಾದರೂ ಕೇಳಬಹುದು. 2020ರ ಡಿಸೆಂಬರ್‌ನಲ್ಲಿ, ಕೊರೊನಾದ ನಡುವೆ, ರಾಜ್ಯದ ಗ್ರಾಮ ಪಂಚಾಯತಿ ಚುನಾವಣೆಯಲ್ಲಿ ಶೇ 80ರಷ್ಟು ಮತದಾನವಾಯಿತು. ಗೋವಾ, ಪುಣೆ, ಮುಂಬಯಿಗಳಿಗೆ ದುಡಿಯಲು ಹೋದವರು ಟ್ರಾಕ್ಸು, ಬಸ್ಸು ತುಂಬಿಕೊಂಡು ಬಂದು ಓಟು ಹಾಕಿ ಹೋದರು. ಅದೇ ಚುನಾವಣೆಯಲ್ಲಿ ರಾಜ್ಯದ ಕೆಲವು ಕಡೆ ಸದಸ್ಯ ಸ್ಥಾನಗಳನ್ನು ಗುಡಿಯ ಮುಂದೆ ಹರಾಜು ಹಾಕಿದ ಸುದ್ದಿಗಳೂ ಬಂದವು. ಚುನಾವಣಾ ಆಯೋಗ ಎಚ್ಚರಿಕೆ ಕೊಡಬೇಕಾಯಿತು. ಓಟು ಹಾಕುವವನು ತನ್ನ ಹಕ್ಕನ್ನು ನಂಬುತ್ತಾನೆ, ತನ್ನ ಓಣಿಯ ಮನುಷ್ಯನನ್ನು ನಂಬುತ್ತಾನೆ. ಆರಿಸಿ ಬಂದವನು ಕೂರುವ ಕಚೇರಿಯನ್ನು ನಂಬುತ್ತಾನೆ ಎಂದು ಅದರಿಂದ ಹೇಳಲಾಗದು. ಆ ನಂಬಿಕೆಯನ್ನು ಅಳೆಯಬೇಕಾದರೆ ಓಟಿನ ಮರುದಿನದಿಂದ ಮುಂದಿನ ಓಟಿನ ಹಿಂದಿನ ದಿನದವರೆಗೆ ನೋಡಬೇಕು.

ಇಲ್ಲಿಯ ಜನರ ಸ್ವಭಾವವೇ ಹೀಗೆ, ಯಾರನ್ನೂ ನಂಬುವುದಿಲ್ಲ ಎಂದು ಹೇಳುವವರಿದ್ದಾರೆ. ಅವರು ಇಟಲಿಯ ಉದಾಹರಣೆ ಕೊಡುತ್ತಾರೆ. ಅಲ್ಲಿ 1970ರಲ್ಲಿ ಪ್ರಾದೇಶಿಕ ಸರ್ಕಾರಗಳು ಬಂದ ಮೇಲೆ ರಾಬರ್ಟ್ ಪುಟ್ನಮ್ ಎಂಬ ಅಮೆರಿಕದ ವಿದ್ವಾಂಸರು ಅಲ್ಲಿ ಇಪ್ಪತ್ತು ವರ್ಷ ಅಧ್ಯಯನ ಮಾಡಿದರು. ಉತ್ತರದಲ್ಲಿ ಆ ಸರ್ಕಾರಗಳು ಚೆನ್ನಾಗಿ ನಡೆದವು, ದಕ್ಷಿಣದಲ್ಲಿ ಸೋತವು; ಕಾರಣ, ಉತ್ತರದವರಿಗೆ ಶತಮಾನಗಳಿಂದ ಕೂಡಿ ಕೆಲಸ ಮಾಡುವ ರೂಢಿಯಿತ್ತು ಎಂದರು. ಆ ಮಾತನ್ನು ನಮ್ಮ ಸೀಮೆಗೆ ತಂದು ಹಚ್ಚಲು ನಾನು ಒಪ್ಪುವುದಿಲ್ಲ. ಏಷ್ಯಾದ ಮೊದಲ ಸಹಕಾರ ಸಂಘಗಳಲ್ಲಿ ಒಂದು 1905ರಲ್ಲಿ ನಮ್ಮ ಮಗ್ಗುಲಿನ ಗದಗ ಸೀಮೆಯ ಕಣಗಿನಹಾಳದಲ್ಲಿ ಹುಟ್ಟಿತು. ಇವತ್ತಿಗೂ ನಮ್ಮ ಪೇಟೆಯ ಹೆಂಗಸರು ಪತ್ತಿನ ಸಂಘದಲ್ಲಿ ಪಿಗ್ಮಿ ಕಟ್ಟುತ್ತಾರೆ, ಜಾತ್ರೆಯ ಕಮಿಟಿಗೆ ಪಟ್ಟಿ ಕೊಡುತ್ತಾರೆ, ಲೆಕ್ಕ ಕೇಳುತ್ತಾರೆ. ನಂಬುವ ಗುಣ ಇಲ್ಲಿ ಕಡಿಮೆಯಾಗಿಲ್ಲ. ನಂಬಿದವರಿಗೆ ಲೆಕ್ಕ ಒಪ್ಪಿಸುವ ರೂಢಿ ಕಚೇರಿಗಳಲ್ಲಿ ಕಡಿಮೆಯಾಗಿದೆ.

ಈಗ ಒಳ್ಳೆಯದನ್ನೂ ಹೇಳಬೇಕು. 2001ರ ಸುಮಾರಿಗೆ 'ಭೂಮಿ' ಯೋಜನೆ ಬಂತು. ಸುಮಾರು ಎರಡು ಕೋಟಿ ಪಹಣಿಗಳನ್ನು ಗಣಕಯಂತ್ರಕ್ಕೆ ಏರಿಸಿದರು. ನಮ್ಮ ಕಡೆ ಇದಕ್ಕೆ ಉತಾರ ಎನ್ನುತ್ತಾರೆ; ಮುಂಬಯಿ ಕಾಲದ ಮಾತು. ಅದಕ್ಕೂ ಮೊದಲು ಉತಾರ ಬೇಕಾದರೆ ತಲಾಟಿಯನ್ನು ಹುಡುಕಬೇಕು. ಅವರು ಇವತ್ತು ಆ ಊರಲ್ಲಿ, ನಾಳೆ ತಹಸೀಲಿಯಲ್ಲಿ. ಸಿಕ್ಕರೆ ಚಹಾ ಕುಡಿಸಬೇಕು, ಕೈ ಬಿಸಿ ಮಾಡಬೇಕು, ಆಮೇಲೆ ಅವರು ಬರೆದದ್ದೇ ಬರಹ. ಭೂಮಿ ಬಂದ ಮೇಲೆ ತಾಲ್ಲೂಕು ಕಚೇರಿಯ ಕಿಟಕಿಯಲ್ಲಿ 15 ರೂಪಾಯಿ ಕೊಟ್ಟರೆ ಮುದ್ರಿತ ಉತಾರ ಕೈಗೆ ಬಂತು. ಕೈಬರಹದ ಉತಾರಕ್ಕೆ ಕಿಮ್ಮತ್ತಿಲ್ಲ ಎಂದು ಸರ್ಕಾರ ಹೇಳಿತು, ಹೇಳಿದಂತೆ ನಡೆದುಕೊಂಡಿತು. ಈ ಸುಧಾರಣೆ ಊರೊಳಗೆ ಬಂದು ನೆಲೆಸಿತು.

ಅದಕ್ಕೇ 2024ರ ಅಕ್ಟೋಬರ್‌ನಲ್ಲಿ ಆದದ್ದು ಅಷ್ಟು ಜೋರಾಗಿ ಬಡಿಯಿತು. ಇಂಡಿ ತಾಲ್ಲೂಕಿನ ಕೆಲವು ಸರ್ವೆ ನಂಬರುಗಳ ಉತಾರದ 11ನೇ ಕಾಲಮ್ಮಿನಲ್ಲಿ ವಕ್ಫ್ ಎಂಬ ನಮೂದು ಬಂದದ್ದು, ಅದಕ್ಕೂ ಮೊದಲು ರೈತರಿಗೆ ನೋಟಿಸೂ ಹೋಗಿರಲಿಲ್ಲ ಎಂಬುದು ಹೊರಬಿತ್ತು. ರಾಜಕೀಯ ಪಕ್ಷಗಳು ಅದನ್ನು ತಮ್ಮತಮ್ಮ ದಾರಿಗೆ ಎಳೆದುಕೊಂಡವು, ಕೋಮಿನ ಬಣ್ಣ ಹಚ್ಚುವವರು ಹಚ್ಚಿದರು. ಕೊನೆಗೆ ಸರ್ಕಾರ ಹಿಂದೆ ಸರಿದು ಆ ಕ್ರಮಗಳನ್ನು ರದ್ದು ಮಾಡಲು ಆದೇಶಿಸಿತು. ಆ ಗದ್ದಲದಲ್ಲಿ ಒಂದು ಮುಖ್ಯ ಪ್ರಶ್ನೆ ಮುಚ್ಚಿಹೋಯಿತು. ಯಾರ ಹೆಸರಿಗೆ ಎಂಬುದಕ್ಕಿಂತ ಮೊದಲು ಕೇಳಬೇಕಾದ ಪ್ರಶ್ನೆ ಅದು: ಉಳುವವನಿಗೆ ಒಂದು ಮಾತು ತಿಳಿಸದೆ ಅವನ ಉತಾರದಲ್ಲಿ ಯಾರೇ ಆಗಲಿ, ಯಾವ ಕಾರಣಕ್ಕೇ ಆಗಲಿ, ಒಂದಕ್ಷರ ಸೇರಿಸುವುದು ಹೇಗೆ ಸಾಧ್ಯವಾಯಿತು? ಇಪ್ಪತ್ತು ವರ್ಷ ಕಟ್ಟಿದ ನಂಬಿಕೆಗೆ ಒಂದು ಕಾಲಮ್ಮಿನಲ್ಲಿ ಪೆಟ್ಟು ಬಿತ್ತು.

ಸಕಾಲದ ಮಾತೂ ಇಲ್ಲಿಯೇ ಬರಬೇಕು. 2011ರಲ್ಲಿ ಸೇವಾ ಖಾತರಿ ಕಾಯ್ದೆ ಆಯಿತು, 2012ರ ಏಪ್ರಿಲ್‌ನಲ್ಲಿ 'ಸಕಾಲ' ಎಂಬ ಹೆಸರಿನಲ್ಲಿ ರಾಜ್ಯದಾದ್ಯಂತ ಜಾರಿಗೆ ಬಂತು. ಅರ್ಜಿ ಕೊಟ್ಟವನಿಗೆ 15 ಅಂಕಿಯ ಒಂದು ನಂಬರು, ಇಷ್ಟು ದಿನದಲ್ಲಿ ಕೆಲಸ ಎಂಬ ಬರಹ. ತಡವಾದರೆ ದಿನಕ್ಕೆ 20 ರೂಪಾಯಿಯಂತೆ 500ರವರೆಗೆ ಪರಿಹಾರ. ಅದು ತಡ ಮಾಡಿದ ನೌಕರನ ಸಂಬಳದಿಂದ. ನನ್ನ ದೃಷ್ಟಿಯಲ್ಲಿ ಕರ್ನಾಟಕ ಮಾಡಿದ ಸುಧಾರಣೆಗಳಲ್ಲಿ ಇದಕ್ಕಿಂತ ಸರಿಯಾದ ಕಲ್ಪನೆ ಇನ್ನೊಂದಿಲ್ಲ. ಜನ ಕೇಳುವುದು ಇದನ್ನೇ, ಒಂದು ತಾರೀಖನ್ನು. ಆದರೆ ಆ 20 ರೂಪಾಯಿಯನ್ನು ಕೇಳಿ ಪಡೆದವರನ್ನು ಹುಡುಕಿದರೂ ಸಿಗುವುದಿಲ್ಲ. ನಾಳೆ ಅದೇ ಟೇಬಲ್ಲಿಗೆ ಮತ್ತೆ ಹೋಗಬೇಕಲ್ಲ, ಇವತ್ತು ಯಾಕೆ ಮನಸ್ಸು ಕೆಡಿಸಿಕೊಳ್ಳುವುದು ಎಂದು ಬಡವ ಸುಮ್ಮನಾಗುತ್ತಾನೆ. ಇನ್ನು ಕೆಲವು ಕಿಟಕಿಗಳಲ್ಲಿ ನಂಬರು ಕೊಡುವ ಮೊದಲೇ "ಸರ್ವರ್ ಇಲ್ರಿ, ಸೋಮವಾರ ಬರ್ರಿ" ಎಂದು ಕಳಿಸುತ್ತಾರೆ. ನಂಬರು ಬಿದ್ದ ದಿನದಿಂದ ಲೆಕ್ಕ ತಾನೆ? ನಂಬರೇ ಬೀಳದಿದ್ದರೆ ತಡವೂ ಇಲ್ಲ. ಕಾಗದದ ಮೇಲೆ ಎಲ್ಲ ಅರ್ಜಿಯೂ ಸಕಾಲಕ್ಕೆ ಮುಗಿದಿರುತ್ತದೆ.

ಕಚೇರಿ ತಾರೀಖು ಕೊಡದಿದ್ದಾಗ ಜನ ಮನುಷ್ಯರ ಕಡೆ ತಿರುಗುತ್ತಾರೆ. ಸಿಂದಗಿಯ ಶಾಸಕರಾಗಿದ್ದ, 2021ರಲ್ಲಿ ತೀರಿಕೊಂಡ ಎಂ.ಸಿ. ಮನಗೂಳಿಯವರು ಗುತ್ತಿ ಬಸವಣ್ಣ ಏತ ನೀರಾವರಿ ಆಗುವವರೆಗೆ ಕಾಲಿಗೆ ಚಪ್ಪಲಿ ಹಾಕುವುದಿಲ್ಲವೆಂದು ಶಪಥ ಮಾಡಿದ್ದನ್ನು ಈ ಭಾಗದಲ್ಲಿ ಎಲ್ಲರೂ ಬಲ್ಲರು. ಆ ಯೋಜನೆಗೆ ನೆರವಾದ ಎಚ್.ಡಿ. ದೇವೇಗೌಡರ ಪ್ರತಿಮೆ ಗೋಲಗೇರಿಯಲ್ಲಿ ನಿಂತಿದೆ. ಬರಿಗಾಲಲ್ಲಿ ನಡೆದ ಆ ಹಿರಿಯರ ನಿಷ್ಠೆಗೆ ನಾನು ತಲೆಬಾಗುತ್ತೇನೆ. ಆದರೂ ಯೋಚಿಸಿ. ವಿಧಾನಸಭೆಯಲ್ಲಿ ಮಾತಾಡಬಲ್ಲ, ಬಜೆಟ್ಟಿನಲ್ಲಿ ಕೇಳಬಲ್ಲ ಚುನಾಯಿತ ಪ್ರತಿನಿಧಿಯೇ ಹರಕೆ ಹೊರಬೇಕಾಯಿತು. ಸದನ ಕೊಡುವ ಭರವಸೆಗಿಂತ ಒಬ್ಬ ಮನುಷ್ಯನ ಬರಿಗಾಲು ಜನರಿಗೆ ಹೆಚ್ಚು ನಂಬಿಗಸ್ತವಾಗಿ ಕಂಡಿತು. ನೀರು ಬಂದಾಗ ಋಣ ವ್ಯಕ್ತಿಗೆ ಸಂದಿತು. ಸಂಸ್ಥೆಗೆ ಏನೂ ಸೇರಲಿಲ್ಲ. ಹಾಗಾಗಿ ಮುಂದಿನ ಕಾಲುವೆಗೆ ಮತ್ತೊಬ್ಬ ಹರಕೆಯ ಮನುಷ್ಯನನ್ನೇ ಹುಡುಕಬೇಕಾಗುತ್ತದೆ.

ಕೃಷ್ಣಾ ನದಿಯ ಆಲಮಟ್ಟಿ ಅಣೆಕಟ್ಟಿನ ಹಿನ್ನೀರಿನ ಅಂಚಿನವರಿಗೆ ಅಂಥ ಮನುಷ್ಯನೂ ಸಿಕ್ಕಿಲ್ಲ. ಲಾಲ್ ಬಹಾದ್ದೂರ್ ಶಾಸ್ತ್ರಿಗಳು 1964ರ ಮೇ ತಿಂಗಳಲ್ಲಿ ಅಡಿಗಲ್ಲು ಹಾಕಿದ ಅಣೆಕಟ್ಟು ಅದು. 2006ರಲ್ಲಿ ರಾಷ್ಟ್ರಪತಿ ಅಬ್ದುಲ್ ಕಲಾಂ ಅವರು ಲೋಕಾರ್ಪಣೆ ಮಾಡಿದರು. 2010ರ ಡಿಸೆಂಬರ್‌ನಲ್ಲಿ ಕೃಷ್ಣಾ ನ್ಯಾಯಾಧಿಕರಣ ಅಲ್ಲಿ 524.256 ಮೀಟರ್ ಮಟ್ಟದವರೆಗೆ ನೀರು ನಿಲ್ಲಿಸಲು ಒಪ್ಪಿತು. ಅಂದಿನಿಂದ ಮುಳುಗಡೆ ಪಟ್ಟಿಯ ಊರುಗಳು ಕಾಯುತ್ತಿವೆ. ಮುಳುಗುವ ಊರಿಗೆ ಯಾಕೆ ಹೊಸ ಶಾಲೆ, ಯಾಕೆ ಗಟ್ಟಿ ರಸ್ತೆ? ಮನೆಯ ಜಂತಿ ಬದಲಿಸಬೇಕೋ ಬೇಡವೋ ತಿಳಿಯದೆ ಒಂದು ತಲೆಮಾರು ಬೆಳೆದು ನಿಂತಿದೆ.

ಲೋಕಾಯುಕ್ತದ ಬಗ್ಗೆ ಚಿಕ್ಕದಾಗಿ ಹೇಳಿ ಮುಂದೆ ಹೋಗುತ್ತೇನೆ. ನ್ಯಾಯಮೂರ್ತಿ ವೆಂಕಟಾಚಲ, ಸಂತೋಷ ಹೆಗ್ಡೆ ಅವರ ಕಾಲದಲ್ಲಿ ಆ ಹೆಸರು ಕೇಳಿದರೆ ಕಚೇರಿಗಳು ನೆಟ್ಟಗಾಗುತ್ತಿದ್ದವು. 2011ರಲ್ಲಿ ಅಕ್ರಮ ಗಣಿಗಾರಿಕೆಯ ಮೇಲೆ ಅದರ ವರದಿ ಬಂದು ಒಬ್ಬ ಮುಖ್ಯಮಂತ್ರಿಯೇ ರಾಜೀನಾಮೆ ಕೊಟ್ಟರು. 2016ರಲ್ಲಿ ಅದರ ಪೊಲೀಸ್ ಬಲವನ್ನು ತೆಗೆದು ಭ್ರಷ್ಟಾಚಾರ ನಿಗ್ರಹ ದಳಕ್ಕೆ (ಎಸಿಬಿ) ಕೊಟ್ಟರು. 2022ರ ಆಗಸ್ಟ್‌ನಲ್ಲಿ ಹೈಕೋರ್ಟು ಎಸಿಬಿಯನ್ನು ರದ್ದು ಮಾಡಿತು. ಇಷ್ಟೆಲ್ಲ ಏರಿಳಿತದ ನಡುವೆಯೂ ಇಂಥ ಕಡೆ ದೂರು ಕೊಡುವವರ ಬಗ್ಗೆ ನಾವು ತಪ್ಪಾಗಿ ತಿಳಿದಿದ್ದೇವೆ. ದೂರು ಕೊಟ್ಟವನು, ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಿದವನು ಸಂಸ್ಥೆಯ ವೈರಿಯಲ್ಲ. ಅಲ್ಲಿ ಉತ್ತರ ಸಿಗುತ್ತದೆ ಎಂದು ಇನ್ನೂ ನಂಬಿದವನು ಅವನೊಬ್ಬನೇ. ದೂರುಗಳು ಕಡಿಮೆಯಾದವೆಂದು ಅಧಿಕಾರಿಗಳು ಹಿಗ್ಗಬಾರದು.

ಸಣ್ಣ ಕಾಗದ ದೊಡ್ಡ ಕೆಲಸ ಮಾಡಿದ ಒಂದು ಉದಾಹರಣೆ ಕೊಡುತ್ತೇನೆ. ನಮ್ಮ ಲಂಬಾಣಿ ತಾಂಡಾಗಳು ಬಹಳ ಕಾಲ ಕಂದಾಯ ಗ್ರಾಮಗಳಾಗಿರಲಿಲ್ಲ. ಕಟ್ಟಿಕೊಂಡ ಮನೆಗೆ ದಾಖಲೆಯಿಲ್ಲ, ದಾಖಲೆಯಿಲ್ಲದ್ದಕ್ಕೆ ಸಾಲವಿಲ್ಲ. ಕಾಯ್ದೆ ತಿದ್ದಿ, ಅವನ್ನು ಕಂದಾಯ ಗ್ರಾಮ ಮಾಡುವ ಕೆಲಸ ಎರಡು ಮೂರು ಸರ್ಕಾರಗಳ ಕೈ ದಾಟಿ ಬಂತು. 2023ರ ಜನವರಿ 19ರಂದು ಮಳಖೇಡದಲ್ಲಿ, ವಿಜಯಪುರವೂ ಸೇರಿ ಐದು ಜಿಲ್ಲೆಗಳ 50,000ಕ್ಕೂ ಹೆಚ್ಚು ಕುಟುಂಬಗಳಿಗೆ ಹಕ್ಕುಪತ್ರ ಕೊಡುವ ಕಾರ್ಯಕ್ರಮ ನಡೆಯಿತು. ವರ್ಷದ ಅರ್ಧ ಭಾಗ ಕಬ್ಬು ಕಡಿಯಲು ಮಹಾರಾಷ್ಟ್ರಕ್ಕೆ ಹೋಗುವ ಮನೆಯವರು ಆ ಪತ್ರವನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಟ್ರಂಕಿನ ತಳದಲ್ಲಿ ಇಟ್ಟುಕೊಂಡಿದ್ದಾರೆ.

ಹೊಸ ತಾಲ್ಲೂಕುಗಳ ವಿಷಯ ಹೀಗೆ ಸುಸೂತ್ರವಾಗಲಿಲ್ಲ. ವಾಸುದೇವರಾವ್, ಹುಂಡೇಕಾರ, ಗದ್ದಿಗೌಡರ, ಎಂ.ಬಿ. ಪ್ರಕಾಶ ಎಂದು ನಾಲ್ಕು ಸಮಿತಿಗಳು ಕಳೆದು, 2017ರ ಬಜೆಟ್ಟಿನಲ್ಲಿ ಘೋಷಣೆಯಾಗಿ, 2018ರಿಂದ ಅವು ಜಾರಿಗೆ ಬರತೊಡಗಿದವು. ಇಂಡಿಯಿಂದ ಚಡಚಣ, ಸಿಂದಗಿಯಿಂದ ದೇವರ ಹಿಪ್ಪರಗಿ, ಮುಂದೆ ಆಲಮೇಲ, ಮುದ್ದೇಬಿಹಾಳದಿಂದ ತಾಳಿಕೋಟಿ, ಬಾಗೇವಾಡಿಯಿಂದ ನಿಡಗುಂದಿ ಮತ್ತು ಕೊಲ್ಹಾರ ಬೇರೆಯಾದವು. ಮೊದಲ ದಿನ ಬಂದದ್ದು ಫಲಕ ಮತ್ತು ತಹಸೀಲ್ದಾರರು. ಉಳಿದ ಇಲಾಖೆಗಳು ಒಂದೊಂದಾಗಿ, ವರ್ಷಗಳ ಅಂತರದಲ್ಲಿ. ತಾಲ್ಲೂಕಾದ ಮೇಲೂ ಕೆಲಸಕ್ಕೆ ಹಳೆಯ ಊರಿಗೆ ಹೋಗಬೇಕಾದವನ ಮನಸ್ಸಿನಲ್ಲಿ ಏನಿರಬಹುದು ಎಂದು ನಾನು ಬಿಡಿಸಿ ಹೇಳಬೇಕಿಲ್ಲ.

ಬಾಗೇವಾಡಿ ಕಡೆಯ ಒಂದು ಹಳ್ಳಿಯ ಗ್ರಾಮಸಭೆಗೆ ನಾನು ಹೋಗಿದ್ದೆ. ಹಣಮಂತ ದೇವರ ಗುಡಿಯ ಮುಂದೆ ಶಾಮಿಯಾನ. ಪಂಚಾಯತಿ ಅಭಿವೃದ್ಧಿ ಅಧಿಕಾರಿ (ಪಿಡಿಒ) ಮನೆ ಪಟ್ಟಿಯ ಹೆಸರು ಓದುತ್ತಿದ್ದರು. ಸ್ವಸಹಾಯ ಸಂಘದ ಒಬ್ಬ ಹೆಣ್ಣುಮಗಳು ಎದ್ದು ನಿಂತಳು. "ಹೋದ ಸಲದ ಸಭಾದಾಗ ನಮ್ಮ ಓಣಿ ಗಟಾರದ್ದು ಠರಾವ್ ಆಗೇತಿ ಅಂದಿದ್ರಿ. ಆ ಪುಸ್ತಕ ತಗದು ಓದ್ರಿ, ಏನು ಬರದೀರಿ ಕೇಳೂಣು" ಎಂದಳು. ಸಭೆ ಸುಮ್ಮನಾಯಿತು. ನಡಾವಳಿ ಪುಸ್ತಕ ತಂದು ಹಾಳೆ ತಿರುವಿದರು. ಠರಾವು ಇತ್ತು, ಕೆಳಗೆ ಸಹಿಗಳು, ಹೆಬ್ಬೆಟ್ಟುಗಳು. ಕೊನೆಯಲ್ಲಿ 'ಅನುದಾನದ ಲಭ್ಯತೆಗೆ ಅನುಸಾರವಾಗಿ ಕೈಗೊಳ್ಳುವುದು' ಎಂದಿತ್ತು. ಅವಳು ಕೇಳಿದಳು: "ಹಂಗಂದ್ರ ಯಾವಾಗ್ರಿ?" ಪಿಡಿಒ ಅವರು ಒಳ್ಳೆಯವರು, ಸುಳ್ಳು ಹೇಳಲಿಲ್ಲ. ಹಣ ಮೇಲಿನಿಂದ ಬರಬೇಕು, ಯಾವಾಗ ಬರುತ್ತದೋ ನನ್ನ ಕೈಯಲ್ಲಿಲ್ಲ ಎಂದರು.

ಅವಳ ಪ್ರಶ್ನೆಗೆ ಉತ್ತರ ಕೊಡಬಲ್ಲ ಪಂಚಾಯತಿಯನ್ನು ಕೇರಳ ಕಟ್ಟಿಕೊಂಡಿದೆ. 1996ರಲ್ಲಿ ಅಲ್ಲಿ ಜನಕೀಯ ಯೋಜನೆ ಶುರುವಾದಾಗ ರಾಜ್ಯದ ಯೋಜನಾ ಹಣದ ಶೇ 35ರಿಂದ 40ರಷ್ಟನ್ನು ಸ್ಥಳೀಯ ಸಂಸ್ಥೆಗಳಿಗೆ ಬಿಟ್ಟುಕೊಟ್ಟರು. ಹಣ ಎಷ್ಟು, ಯಾವಾಗ ಎಂದು ಗೊತ್ತಿದ್ದರೆ ಠರಾವಿನ ಮುಂದೆ ತಾರೀಖು ಬರೆಯಬಹುದು. ನಮ್ಮ 2015ರ ಗ್ರಾಮ ಸ್ವರಾಜ್ ತಿದ್ದುಪಡಿ ವಾರ್ಡ್ ಸಭೆ, ಗ್ರಾಮಸಭೆಗಳಿಗೆ ಒಳ್ಳೆಯ ಮಾತುಗಳಲ್ಲಿ ಅಧಿಕಾರ ಕೊಟ್ಟಿದೆ. ಹಣದ ಗಂಟು ಮಾತ್ರ ಮೇಲೆಯೇ ಇದೆ. ಆ ಗಂಟು ಬಿಚ್ಚುವವರೆಗೆ ಕಾಯ್ದೆಯ ಹೆಸರು ಏನೇ ಇದ್ದರೂ ಅದು ಅರ್ಧ ಸುಧಾರಣೆಯೇ ಎಂಬುದು ನನ್ನ ಖಚಿತ ಅಭಿಪ್ರಾಯ.

ಇಲ್ಲಿ ಕುಳಿತ ಶಿಕ್ಷಕರಲ್ಲಿ, ಪಂಚಾಯತಿ ಸದಸ್ಯರಲ್ಲಿ, ವಿದ್ಯಾರ್ಥಿಗಳಲ್ಲಿ ನನ್ನ ಬಿನ್ನಹ ಇಷ್ಟು. ಜಿಲ್ಲಾ, ತಾಲ್ಲೂಕು ಪಂಚಾಯತಿಗಳ ಚುನಾವಣೆಯನ್ನು ಸಂವಿಧಾನ ಹೇಳಿದ ದಿನಕ್ಕೇ ನಡೆಸಬೇಕು, ಇನ್ನು ಮುಂದೆ ಒಂದು ದಿನವೂ ತಪ್ಪಬಾರದು ಎಂದು ನಿಮ್ಮ ಊರಿನ ಗ್ರಾಮಸಭೆಯಲ್ಲಿ ಠರಾವು ಮಾಡಿಸಿ ಚುನಾವಣಾ ಆಯೋಗಕ್ಕೆ ಕಳಿಸಿ. ಕಚೇರಿಗೆ ಅರ್ಜಿ ಒಯ್ದ ಹಿರಿಯರ ಜೊತೆ ಓದಿದ ಹುಡುಗರು ಹೋಗಿ, ಸಕಾಲದ ನಂಬರು ಕೈಗೆ ಬರುವವರೆಗೆ ಕಿಟಕಿ ಬಿಡಬೇಡಿ. ಮುಂದಿನ ಗ್ರಾಮಸಭೆಯ ಡಂಗುರ ಕೇಳಿದಾಗ ಮನೆಯಲ್ಲಿ ಕೂರಬೇಡಿ. ಹೋಗಿ, ಹಿಂದಿನ ನಡಾವಳಿಯನ್ನು ಎಲ್ಲರ ಮುಂದೆ ಓದಿಸಿ, ಆಗದೆ ಉಳಿದ ಪ್ರತಿ ಠರಾವಿನ ಎದುರಿಗೆ ಒಂದು ತಾರೀಖು ಬರೆಸಿ, ಅದರ ಪ್ರತಿ ಕೇಳಿ ಪಡೆಯಿರಿ.